ಬೆಳ್ಳಗೆ ಚಿಮ್ಮಿದ ನೀರು

ಕಯಾರ್, ಕಡಲದಂಡೆಯ ಶೆಡ್ಡಿನಿಂದ
ಮಾರ್ಚ್ ೧೪, ಶುಕ್ರವಾರ

ನನ್ನ ಕಣ್ಣ ಬೆಳಕೇ, ಬಿರಾಮಾ,

ಹೇಗಿದ್ದೀಯಪ್ಪ? ಚಳಿಯಾಗುತ್ತಿಲ್ಲ ತಾನೆ? ಹೊಟ್ಟೆಗೆ ಏನು ಮಾಡುತ್ತೀ? ಕಡಲಿಗೆ ಹೋಗಿ ಹನ್ನೊಂದು ತಿಂಗಳಾದರೂ ಬಾರದವನಿಗೆ ಇದೆಂಥ ಪ್ರಶ್ನೆ ಎಂದು ಊರು ನಗಲಿ. ಕ್ಷೇಮ ಕೇಳದೆ ಪತ್ರ ಬರೆಯುವುದು ಈ ಅಪ್ಪನಿಂದಾಗದು. ನನ್ನ ಮಂಡಿನೋವು ಹಾಗೇ ಇದೆ. ನಿನ್ನ ಅಮ್ಮ ಯಾಖರ ಗಟ್ಟಿಯಾಗಿದ್ದಾಳೆ. ಮಲಗುವ ಮುನ್ನ ಕೈಕಾಲು ತೊಳೆಯುವ ಕೆಟಲಿಗೆ ನೀರು ತುಂಬಿ ಹೊಸ್ತಿಲಲ್ಲಿಡುತ್ತಾಳೆ, ನಿನಗೆಂದು. ಬೆಳಗಾದರೆ ಖಾಲಿ. ಆಡು ಕುಡಿದಿರಬೇಕು ಕಣೇ ಅಂದೆ. "ಆಡು ಕುಡಿದು ಮುಚ್ಚಳ ಹಾಕಿ ಹೋಗ್ತದೇನೋ ಮುದುಕಾ?" ಅಂದಳು.

ಈಗ ಸುದ್ದಿ. ಕೇಳು ಮಗನೇ, ಎದೆ ಗಟ್ಟಿ ಮಾಡಿಕೊಂಡು ಕೇಳು! ನೀನು ಬರಲಿಲ್ಲ, ನಿನ್ನ ದೋಣಿಯ ಮೋಟಾರು ಬಂತು!

ಮೊನ್ನೆ ಮಟಮಟ ಮಧ್ಯಾಹ್ನ, ದಂಡೆಯ ಮೇಲೆ ಒಣಮೀನು ಬಿಟ್ಟರೆ ಬೇರೆ ಪ್ರಾಣಿಯಿಲ್ಲ. ದಕ್ಷಿಣದ ಕಡೆಯ ಬೆಸ್ತ ಉಸೇನು ಕತ್ತೆಗಾಡಿಯಲ್ಲಿ ಹೇರಿಕೊಂಡು ಬಂದ. "ಅಜ್ಜಾ, ಸತ್ತ ಮೋಟಾರು ಎಬ್ಬಿಸೋನು ನೀನೇ ಅಂತೆ! ಇದು ಓಡ್ತದೆ, ಉಚ್ಚೆ ಮಾತ್ರ ಹೊಯ್ಯಲ್ಲ, ಎಂಜಿನ್ ತಣಿಸೋ ನೀರು ಹಿಂದಿನ ತೂತಿಂದ ಬರಲ್ಲ. ಹತ್ತು ನಿಮಿಷಕ್ಕೆ ಕಾದ ಬಾಣಲೆ!" ನಡುಗಡಲಲ್ಲಿ ದೋಣಿಯೊಂದು ತೇಲುತ್ತಿತ್ತಂತೆ. ನರಪಿಳ್ಳೆ ಇರಲಿಲ್ಲವಂತೆ. ಮೋಟಾರನ್ನು ಯಾರೋ ನೀರಿನಿಂದ ಮೇಲೆತ್ತಿ ನಿಲ್ಲಿಸಿದ್ದರಂತೆ, ಪಕ್ಕದಲ್ಲಿ ನಟ್ಟು ಬಿಚ್ಚುವ ಪಾನಾ ಬಿದ್ದಿತ್ತಂತೆ. ಚಾಲೂ ಮಾಡಲು ಎಳೆಯುವ ಹಗ್ಗದ ತುದಿ ನೋಡಿದೆ: ನಾನೇ ಕೆತ್ತಿದ ಟಗರುಕೊಂಬಿನ ಹಿಡಿ!

ನೆನಪಿದೆಯಲ್ಲ? ನೀರೆತ್ತುವ ರಬ್ಬರ್ ಚಕ್ರ ಸವೆದಿತ್ತು. ಹೊಸದು ಬರಲು ವಾರ ಬೇಕಿತ್ತು, ನೀನು ತಡೆಯಲಿಲ್ಲ. ಅಮ್ಮನ ನೀಲಿ ಚಪ್ಪಲಿಯೊಂದನ್ನು ಕತ್ತರಿಸಿ, ಆರು ರೆಕ್ಕೆ ಮಾಡಿ ಕೂರಿಸಿಕೊಟ್ಟೆ. ಹೊರಡುವಾಗ ಮೊಣಕಾಲುದ್ದ ನೀರಿನಲ್ಲಿ ಓಡಿಸಿ ತೋರಿಸಿದೆ. ಅಮ್ಮ ಪದ್ಧತಿಯಂತೆ ಹುಳಿಹಾಲು ಕಲಸಿದ ಸಜ್ಜೆಗಂಜಿಯನ್ನು ಕಡಲಿಗೆ ಸುರಿದಳು, ತಿರುಗುವ ಮೋಟಾರಿನ ಬುಡದಲ್ಲೇ. ಹಿಂದಿನ ತೂತಿನಿಂದ ನೀರು ಬೆಳ್ಳಗೆ ಚಿಮ್ಮಿತು! ದಂಡೆಗೆ ದಂಡೆಯೇ ಕೇಕೆ ಹಾಕಿತು: "ಕಡಲು ಕುಡೀತು! ಯಾಖರಳ ಹಾಲನ್ನ ಕಡಲು ಕುಡೀತು!" ಅವಳ ಮುಖ ಅವತ್ತು ನೋಡಬೇಕಿತ್ತು.

ಅಂದಿನಿಂದ ಆ ನೀಲಿ ಚಪ್ಪಲಿ ನನ್ನ ಎದೆಯ ಮೇಲೆ ನಡೆದಾಡುತ್ತಿದೆ. ರಬ್ಬರ್ ಹರಿದು, ನೀರು ನಿಂತು, ಎಂಜಿನ್ ಕಾದು, ಮಗನನ್ನು ನಡುಗಡಲಲ್ಲಿ ಕೈಬಿಟ್ಟವನು ನಾನೇನಾ?

ನೀರು ಹೀರುವ ಜಾಲರಿ ನೋಡಿದೆ, ಪಾಚಿ ಇಲ್ಲ. ಹಿಂದಿನ ತೂತಿಗೆ ತಂತಿ ತೂರಿಸಿದೆ, ಸಲೀಸು. ಉಳಿದದ್ದು ಎರಡೇ: ಬುಡದಲ್ಲಿರುವ ಚಕ್ರ, ಬಿಸಿಯಾದಾಗ ತೆರೆದುಕೊಳ್ಳುವ ತಲೆಯ ಕವಾಟ. ಬಿಸ್ಮಿಲ್ಲಾ ಎಂದು ಬುಡ ಬಿಚ್ಚಿದೆ. ತಲೆಯನ್ನೂ ಬಿಚ್ಚಿದೆ. ನೋಡಿದೆ. ನೆರಳು ಗೋಡೆ ಹತ್ತುವವರೆಗೆ ಹಾಗೇ ಕೂತಿದ್ದೆ.

ಆಮೇಲೆ ಸರಿಮಾಡಿ, ಬಾವಿನೀರು ತುಂಬಿದ ಪೀಪಾಯಿಗೆ ಇಳಿಸಿ ಹಗ್ಗ ಎಳೆದೆ. ಒಂದೇ ಎಳೆತ! ಮೀನು ಸೀಳುವ ಕತ್ತಿ ಹಿಡಿದೇ ನಿನ್ನ ಅಮ್ಮ ಓಡಿಬಂದಳು. "ಬಂದ! ಬಿರಾಮ ಬಂದ! ಅದರ ದನಿ ನನಗೆ ಗೊತ್ತಿಲ್ವಾ?" ನಾನು ಎಗರಿ, ಚಿಮ್ಮುವ ಧಾರೆಗೆ ಅಡ್ಡಲಾಗಿ ಬೆನ್ನು ಕೊಟ್ಟು ನಿಂತೆ. ನಿಲುವಂಗಿ ತೊಯ್ದು ತೊಪ್ಪೆಯಾಯಿತು. ಅವಳು ಮೋಟಾರನ್ನು ನೋಡಿದಳು, ಖಾಲಿ ಗಾಡಿಯನ್ನು ನೋಡಿದಳು. ದನಿ ಇಳಿಯಿತು. "ಏನಾಗಿತ್ತು ಇದಕ್ಕೆ?"

"ನನ್ನ ರಬ್ಬರ್ ಹರಿದಿತ್ತು ಯಾಖರ."

ಒಳಗೆ ಹೋಗಿ, ಉಳಿದಿದ್ದ ಒಂಟಿ ನೀಲಿ ಚಪ್ಪಲಿಯನ್ನು ತಂದು ನನ್ನ ಚಾಪೆಯ ಮೇಲಿಟ್ಟಳು. "ಇದನ್ನೂ ಕತ್ತರಿಸು. ಇನ್ಯಾರ ಮಗನಿಗಾದ್ರೂ ಹಾಕಿ ಕಳಿಸು." ಎರಡು ದಿನವಾಯಿತು, ಮಾತಿಲ್ಲ. ಅನ್ನ ಮೀನಿನ ತಟ್ಟೆ ಬಾಗಿಲಾಚೆ ಬರುತ್ತದೆ. ಕೆಟಲನ್ನು ಮಾತ್ರ ಈಗ ಎರಡು ಸಲ ತುಂಬುತ್ತಾಳೆ.

ಉಸೇನು ನಾಳೆ ಮೋಟಾರು ಕಟ್ಟಿಕೊಂಡು ಹೊರಡುತ್ತಾನೆ. ಈ ಪತ್ರವನ್ನು ಅದರ ಮುಚ್ಚಳದೊಳಗೆ ಸಿಕ್ಕಿಸುತ್ತೇನೆ. ನೀನಿರುವ ಕಡೆಗೆ ಅದಕ್ಕೆ ದಾರಿ ಗೊತ್ತು. ಅಲ್ಲಾಹನು ನಿನ್ನ ಮೇಲಿನ ನೀರನ್ನು ಹಗುರ ಮಾಡಲಿ ಮಗನೇ.

ನಿನ್ನ ಅಪ್ಪ,
ಮಗಾಯ್ ಸಾಂಬ್

ಮರೆತಿದ್ದೆ; ಬೆಳಗಾಯಿತು, ಉಸೇನು ಕೂಗುತ್ತಿದ್ದಾನೆ: ರಬ್ಬರ್ ಹರಿದಿರಲಿಲ್ಲ. ಆರೂ ರೆಕ್ಕೆ ಇದ್ದವು, ನಿನ್ನೆ ಕತ್ತರಿಸಿದ ಹಾಗೆ. ಕವಾಟದಲ್ಲಿ ಸಜ್ಜೆ ಇತ್ತು. ಬಿಸಿಗೆ ಬೆಂದು ಕಲ್ಲಾಗಿ ನೀರಿನ ದಾರಿ ಮುಚ್ಚಿದ ಅಮ್ಮನ ಗಂಜಿ. ಚೂರೂ ಬಿಡದೆ ಕೆರೆದೆ. ಆದರೂ ಬಾವಿನೀರಿನಲ್ಲಿ ಮೊದಲ ಧಾರೆ ಬೆಳ್ಳಗೇ ಬಂತು, ಅವತ್ತಿನ ಹುಳಿಹಾಲಿನ ವಾಸನೆ ಹೊತ್ತು. ಅಮ್ಮನಿಗೆ ಕಾಣಬಾರದೆಂದು ಅದಕ್ಕೇ ಅಡ್ಡ ನಿಂತದ್ದು. ನೀನು ಕೆಟಲಿನ ಹತ್ತಿರ ಬಂದಾಗ ಒಂದು ದಿನ ಅವಳು ಎಚ್ಚರವಿದ್ದು ನಿನ್ನನ್ನು ಕೇಳಿಯೇ ಕೇಳುತ್ತಾಳೆ. ಅಪ್ಪನ ರಬ್ಬರ್ ಹರಿದಿತ್ತು ಎಂದೇ ಹೇಳು.