ಹತ್ತು ಗಂಟೆಯ ಬಿಸ್ಕತ್ತು

ಮುಫುಲಿರಾ
೧೪ ಆಗಸ್ಟ್ ೧೯೯೬, ಬುಧವಾರ

ನನ್ನ ಮುದ್ದಿನ ಚೊಲಾ ಅಕ್ಕನಿಗೆ,

ನಿನ್ನ ತಂಗಿಯ ಸಾವಿರ ಮುತ್ತುಗಳು. ಮುತ್ತು ಹಾಗಿರಲಿ, ಕಾಗದ ಎಲ್ಲೇ ಎಂದು ನೀನು ಬೈಯುವುದು ಕಸಾಮಾದಿಂದ ಇಲ್ಲಿಗೇ ಕೇಳಿಸುತ್ತಿದೆ. ತಪ್ಪಾಯಿತು ಅಕ್ಕಾ! ಮದುವೆಯಾಗಿ ಒಂಬತ್ತು ವಾರ. ಎಷ್ಟೋ ಸಲ ಬರೆಯಲು ಕೂತೆ, ಎಲ್ಲವನ್ನೂ ಹರಿದೆ. ಇದನ್ನು ಹರಿಯುವುದಿಲ್ಲ, ಅಮ್ಮನ ಕೈಗೂ ಕೊಡುವುದಿಲ್ಲ. ರಜೆಯಲ್ಲಿ ನಾವು ಗೆಳತಿಯರಿಗೆ ಬರೆದ ಕಾಗದಗಳನ್ನು ಅಂಚೆಗೆ ಹಾಕುತ್ತೇನೆಂದು ಒಯ್ದು, ದಾರಿಯಲ್ಲೇ ಓದಿ, ಅಂಚಿನಲ್ಲಿ ಕಡಲೆಕಾಯಿ ಎಣ್ಣೆಯ ಬೆರಳಚ್ಚು ಬಿಟ್ಟು ಕಳಿಸುತ್ತಿದ್ದಳಲ್ಲ! ಇದಕ್ಕೆ ನಾನೇ ಮೂರು ಸಲ ಅಂಟು ಹಚ್ಚುತ್ತೇನೆ.

ಮೊದಲು ಸಂತೋಷದ ಸುದ್ದಿ. ಕಪೆಂಬ್ವಾ ಎಷ್ಟು ಒಳ್ಳೆಯವನು ಅಂತೀಯ! ನನ್ನ ರವಿಕೆಗೂ ಅವನೇ ಇಸ್ತ್ರಿ ಹಾಕುತ್ತಾನೆ. ಶಾಲೆಯಲ್ಲಿ ಹುಡುಗರು ಅವನ ಲೆಕ್ಕದ ತರಗತಿಗೆ ಹೆದರುತ್ತಾರಂತೆ. ಮನೆಯಲ್ಲಿ ಅವನು ಕಪ್ಪೆಗೆ ಹೆದರುತ್ತಾನೆ. ಕಾನ್ವೆಂಟಿನ ಇಂಗ್ಲಿಷ್ ಬೆರೆಸಿ ನಾನು ಆಡುವ ಬೆಂಬಾ ಮಾತು ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಅವನು ನಗುವುದನ್ನು ನೋಡಲೆಂದೇ ನಾನು ಬೇಕಂತ ತಪ್ಪು ಮಾತಾಡುತ್ತೇನೆ.

ಇನ್ನೊಂದು ವಿಷಯ ಹೇಳಬೇಕು. ನೀನು ನರ್ಸು, ಗಾಬರಿಯಾಗಬೇಡ. ಅವನಿಗೆ ಸಕ್ಕರೆ ಕಾಯಿಲೆ. ಹದಿನಾರನೆಯ ವಯಸ್ಸಿನಿಂದ. ಬೆಳಿಗ್ಗೆ ಸಂಜೆ ತಾನೇ ಸೂಜಿ ಚುಚ್ಚಿಕೊಳ್ಳುತ್ತಾನೆ. ಮದುವೆಗೆ ಮೊದಲೇ ನನಗೆ ಹೇಳಿದ್ದ: "ಪ್ರಿಸ್ಕಾ, ನಿಮ್ಮನೇಲಿ ಯಾರ್ಗೂ ಹೇಳ್ಬೇಡ ಕಣೇ. ಮೊದ್ಲೇ ನಾನು ಸಣಕಲ. ಸೂಜಿ ಬೇರೆ ಅಂದ್ರೆ ಜನ ಏನ್ ತಿಳ್ಕೋತಾರೆ ಗೊತ್ತಲ್ಲ." ಗೊತ್ತಿಲ್ಲದೆ ಏನು? ಈಗ ಈ ಊರಿನಲ್ಲಿ ತೆಳ್ಳಗಿರುವ ಗಂಡಸನ್ನು ಕಂಡರೆ ಜನರಿಗೆ ಹೊಳೆಯುವುದು ಒಂದೇ ಕಾಯಿಲೆ, ಅದರ ಹೆಸರನ್ನೂ ಯಾರೂ ಎತ್ತುವುದಿಲ್ಲ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ನಮ್ಮ ಮನೆಯಲ್ಲಿ ಅತ್ತೆಯಿಲ್ಲ, ಗಡಿಯಾರವೇ ಅತ್ತೆ. ಏಳಕ್ಕೆ ಗಂಜಿ. ಹತ್ತಕ್ಕೆ ನಾಲ್ಕು ಬಿಸ್ಕತ್ತು. ಒಂದಕ್ಕೆ ಮುಷ್ಟಿಯಷ್ಟೇ ರಾಗಿ ಮುದ್ದೆ, ಕಾಳು, ಕಡಲೆಕಾಯಿ ಪುಡಿ ಹಾಕಿದ ಕುಂಬಳದ ಸೊಪ್ಪು. ನಾಲ್ಕಕ್ಕೆ ಒಂದು ತುಂಡು ಗೆಣಸು, ಸಂಜೆ ಮತ್ತೆ ಮುದ್ದೆ. ಬಿಳಿ ಮೆಕ್ಕೆಜೋಳದ ಹಿಟ್ಟು ಬೇಗ ರಕ್ತಕ್ಕೆ ಏರುತ್ತದಂತೆ, ಅದಕ್ಕೇ ರಾಗಿ. ಹೆಚ್ಚು ತಿಂದರೆ ಸಕ್ಕರೆ ಏರುತ್ತದೆ, ಸೂಜಿ ಹಾಕಿಕೊಂಡ ಮೇಲೆ ಊಟ ತಡವಾದರೆ ಪಾತಾಳಕ್ಕೆ ಇಳಿಯುತ್ತದೆ. ಇಳಿಯುವುದನ್ನು ನಾನು ಕಣ್ಣಾರೆ ನೋಡಿದೆ ಅಕ್ಕಾ.

ಕಳೆದ ತಿಂಗಳ ಕೊನೆಯ ಶನಿವಾರ, ಅಮ್ಮನ ಅಂಗಳದಲ್ಲಿ. ಮದುವೆಯ ಚಿತ್ರಗಳಲ್ಲಿ ಚಿಲುಫ್ಯಾ ಮಾವ ಇಲ್ಲವೆಂದು ಇನ್ನೊಂದು ತೆಗೆಸಬೇಕಿತ್ತು. 'ಬೆಂಕಿ ತೋರಿಸುವ' ಶಾಸ್ತ್ರ ಇನ್ನೂ ಆಗಿಲ್ಲವಲ್ಲ. ಅದಾಗುವವರೆಗೆ ಅಳಿಯ ಅತ್ತೆಯ ಮನೆಯಲ್ಲಿ ಒಂದಗುಳೂ ಮುಟ್ಟುವಂತಿಲ್ಲ. ಒಂಬತ್ತಕ್ಕೆ ಬರುತ್ತೇನೆ ಎಂದಿದ್ದ ಮಾವನಿಗಾಗಿ ಹನ್ನೆರಡರವರೆಗೂ ಕಾದೆವು. ಸೋದರಮಾವನಿಲ್ಲದೆ ಚಿತ್ರವುಂಟೆ? ಮಾವ ಬಂದ ಹೊತ್ತಿಗೆ ನಮ್ಮ ಜುಲೈ ಚಳಿಗಾಲದಲ್ಲೂ ಕಪೆಂಬ್ವಾನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಫೋಟೋದವನನ್ನು ನೋಡಿ, "ಬೆಲ್ ಹೊಡೀತು, ಎಲ್ರೂ ಪುಸ್ತಕ ಮುಚ್ಚಿ" ಎಂದ. ಆಮೇಲೆ ಮೊಣಕಾಲು ಮಡಚಿ ಕೆಳಗೆ ಕೂತುಬಿಟ್ಟ.

ಮಾವ ಕೈತಟ್ಟಿ ನಕ್ಕರು. "ನೋಡ್ರಪ್ಪಾ, ಅಳಿಯಂದ್ರು ಬೆಳಬೆಳಗ್ಗೆನೇ ಏರಿಸ್ಕೊಂಡ್ ಬಂದವ್ರೆ! ಎಷ್ಟು ಮಡಕೆ ಖಾಲಿ ಮಾಡಿದ್ರಿ ಸ್ವಾಮಿ?"

ಅಳಿಯನ ಎದುರಿಗೆ ಬರಬಾರದೆಂದು ಅಮ್ಮ ಬಾಗಿಲ ಹಿಂದಿನಿಂದಲೇ, "ನೆರಳಿಗಾದ್ರೂ ಕೂರಿಸ್ರೋ!" ಎಂದು ಕೂಗಿದಳು.

ನಾನು ಫೋಟೋದವನ ಕೈಯಲ್ಲಿದ್ದ ಕಿತ್ತಳೆ ಶರಬತ್ತಿನ ಬಾಟಲಿ ಕಿತ್ತುಕೊಂಡು ಗುಟುಕು ಗುಟುಕಾಗಿ ಕುಡಿಸಿದೆ. ಅದು ಅಮ್ಮನ ಮನೆಯದಲ್ಲ, ಶಾಸ್ತ್ರ ಕೆಡಲಿಲ್ಲ! ಕಾಲು ಗಂಟೆಯ ಮೇಲೆ ಅವನು ಕಣ್ಣರಳಿಸಿ, "ಪ್ರಿಸ್ಕಾ, ನನ್ ಟೈ ಯಾಕೆ ಒದ್ದೆ?" ಎಂದ. ಮಾವ, "ಹೆಂಡ್ತಿ ಕೈಲಿ ಶರಬತ್ತು ಕುಡುದ್ರೆ ಅಮಲು ಇಳಿಯತ್ತೆ ಅಂತ ಇವತ್ತೇ ಗೊತ್ತಾಗಿದ್ದು!" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಂದಿನಿಂದ ನನಗೆ ಭಯ ಬಿಟ್ಟಿಲ್ಲ. ಅವನು ಉತ್ತರಿಸಲು ಒಂದು ಕ್ಷಣ ತಡ ಮಾಡಿದರೆ ಹಣೆ ಮುಟ್ಟಿ ನೋಡುತ್ತೇನೆ. "ಏಳೆಂಟ್ಲ ಎಷ್ಟು?" ಎನ್ನುತ್ತೇನೆ. "ಐವತ್ತಾರು, ಟೀಚರಮ್ಮಾ" ಎನ್ನುತ್ತಾನೆ. ಆಗ ನನಗೆ ಉಸಿರು ಬರುತ್ತದೆ. ಅವನು ಶಾಲೆಯಲ್ಲಿರುವಾಗ ಏಳೆಂಟ್ಲ ಕೇಳುವವರು ಯಾರು?

ಈಗ ಈ ಶನಿವಾರ ಆ ಬೆಂಕಿಯ ಶಾಸ್ತ್ರ. ಹದಿನೈದು ಮಡಕೆ ಅಡಿಗೆ. ಅಮ್ಮ ಪ್ರತಿಯೊಂದರ ಮುಚ್ಚಳ ತೆಗೆಸಿ ಹೆಸರು ಹೇಳಿಸುತ್ತಾಳೆ, ಅಳಿಯ ಒಂದನ್ನೂ ಬಿಡುವಂತಿಲ್ಲ. ಊಟ ಹನ್ನೆರಡಕ್ಕಂತೆ. ನಮ್ಮವರ ಹನ್ನೆರಡು ಎಂದರೆ ಮೂರೋ ನಾಲ್ಕೋ, ನಿನಗೆ ಗೊತ್ತು. ಅಷ್ಟೂ ಅಡಿಗೆಗೆಂದು ಸೂಜಿ ಹೆಚ್ಚಿಸಿಕೊಂಡು ಊಟ ತಡವಾದರೆ? ಹೆಚ್ಚಿಸದೆ ಎಲ್ಲವನ್ನೂ ತಿಂದರೆ? ಅವನು, "ಒಂದಿನ ತಾನೇ, ಸುಧಾರಿಸ್ಕೋತೀನಿ" ಎನ್ನುತ್ತಾನೆ. ಅಮ್ಮನ ಗೆಳತಿಯರು ಆಗಲೇ ಕುಡುಕ ಅಳಿಯನನ್ನು ಛೇಡಿಸುವ ಹಾಡು ಕಟ್ಟಿದ್ದಾರಂತೆ.

ಏನು ಮಾಡಲಿ ಅಕ್ಕಾ? ನಿನ್ನ ಉತ್ತರ ಬರುವಷ್ಟರಲ್ಲಿ ಶನಿವಾರ ಮುಗಿದಿರುತ್ತದೆ. ಆದರೂ ಕೇಳುತ್ತಿದ್ದೇನೆ. ಪುಟ್ಟ ಜೋಸೆಫನ ಎರಡೂ ಕೆನ್ನೆ ಹಿಂಡು. ಭಾವನಿಗೆ ನಮಸ್ಕಾರ. ನಮ್ಮಿಬ್ಬರ ತಲೆಯ ಮೇಲೂ ಅಲ್ಲಿಂದಲೇ ಕೈಯಿಟ್ಟು ಹರಸು.

ನಿನ್ನ ಹುಚ್ಚು ತಂಗಿ,
ಪ್ರಿಸ್ಕಾ

ಮರೆತ ಮಾತು: ಮರೆತಿರಲಿಲ್ಲ, ಅಕ್ಕಾ. ಆವತ್ತು ಬಿಸ್ಕತ್ತು ಅವನ ಕೋಟಿನ ಜೇಬಿನಲ್ಲೇ ಇತ್ತು. ಜೇಬು ಉಬ್ಬಿ ಚಿತ್ರದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ನಾನೇ ತೆಗೆದು ನನ್ನ ಕೈಚೀಲದಲ್ಲಿಟ್ಟುಕೊಂಡೆ. ಹತ್ತೂವರೆಗೆ ಕೇಳಿದ, "ಕೊಡೇ, ಮಾವಿನ ಮರದ ಹಿಂದೆ ಹೋಗಿ ತಿನ್ಕೊಂಡ್ ಬರ್ತೀನಿ." ನಾನು, "ಅತ್ತೆ ಅಂಗಳದಲ್ಲಿ ಬಾಯಾಡಿಸ್ತೀಯಾ? ನನ್ ಮಾನ ತೆಗೀಬೇಡ, ತಡ್ಕೋ" ಎಂದೆ. ಹನ್ನೊಂದಕ್ಕೆ ಮತ್ತೆ ಕೇಳಿದ. ಆಮೇಲೆ ಕೇಳಲಿಲ್ಲ. ಅವನು ಕೆಳಗೆ ಕೂತಾಗ ಅಮ್ಮ ಬಾಗಿಲ ಹಿಂದಿನಿಂದ, "ಹೌದೇನೇ ಪ್ರಿಸ್ಕಾ, ಕುಡಿದಿದಾರಾ?" ಎಂದಳು. ಕೈಚೀಲವನ್ನು ಎದೆಗೆ ಒತ್ತಿಕೊಂಡು, "ಹೂಂ ಅಮ್ಮಾ, ಸ್ವಲ್ಪ" ಎಂದೆ. ಕುಡುಕನನ್ನು ನಮ್ಮವರು ಕ್ಷಮಿಸುತ್ತಾರಲ್ಲ. ಅಷ್ಟು ಹೇಳಿದ ಮೇಲೇ ನಾನು ಬಾಟಲಿ ಕಿತ್ತುಕೊಂಡದ್ದು.

ಕಪೆಂಬ್ವಾನಿಗೆ ಆ ಹೊತ್ತು ನೆನಪೇ ಇಲ್ಲ. "ನೀನು ಬದುಕಿಸ್ದೆ" ಎನ್ನುತ್ತಾನೆ.

ಇದೀಗ ಅಮ್ಮ ದೊಡ್ಡ ಪಾತ್ರೆ ಒಯ್ಯಲು ಬಂದು ಗೇಟಿನಲ್ಲಿ ನಿಂತು ಕೂಗುತ್ತಿದ್ದಾಳೆ: "ಅಳಿಯಂದ್ರು ಒಳಗಿದಾರೇನೇ? ಇದ್ರೆ ನಾನಿಲ್ಲೇ ನಿಲ್ತೀನಿ, ಪಾತ್ರೆ ತಂದ್ಕೊಡು." ಪಾತ್ರೆಯ ಜೊತೆ ಈ ಕಾಗದವನ್ನೂ ಕೊಡುತ್ತೇನೆ, ಅಂಚೆಗೆ ಹಾಕಮ್ಮಾ ಎಂದು. ಲಕೋಟೆಗೆ ಅಂಟು ಹಚ್ಚಿಲ್ಲ. ಇದು ನಿನ್ನನ್ನು ಮುಟ್ಟಿದಾಗ ಅಂಚಿನಲ್ಲಿ ಕಡಲೆಕಾಯಿ ಎಣ್ಣೆಯ ಬೆರಳಚ್ಚು ಇದೆಯೇ ಎಂದು ಮೊದಲು ನೋಡು.