ನೆನೆಯದ ಈಜುಬಟ್ಟೆ

೧೮ ಮೇ, ಭಾನುವಾರ

ಇಂದೂ ಸೀಟು ಸಿಗದೆ ಮೈಸೂರಿನಿಂದ ಚನ್ನರಾಯಪಟ್ಟಣದವರೆಗೆ ಬಸ್ಸಿನಲ್ಲಿ ನಿಂತೇ ಬಂದೆವು. ಕಾಲು ಬಾತಿದೆ.

ಮಗಳು ಭಾನುಪ್ರಿಯಾ ತೀರಿಕೊಂಡ ಮೇಲೂ, ಅವಳು ಮಾಡುತ್ತಿದ್ದ ಹಾಗೇ ತಿಂಗಳಿಗೊಮ್ಮೆ ಮೊಮ್ಮಗಳು ರಂಜಿನಿಯನ್ನು ನೀರಾಟದ ಪಾರ್ಕಿಗೆ ಕರೆದೊಯ್ಯುತ್ತೇನೆ. ಸೀರೆಯುಟ್ಟವರನ್ನು ನೀರಿಗೆ ಬಿಡುವುದಿಲ್ಲ. ಪಾರ್ಕಿನವರು ಕೊಡುವ ಬಾಡಿಗೆ ಬಟ್ಟೆಯನ್ನು ನಾನು ಮುಟ್ಟುವುದಿಲ್ಲ. ಸಂಜೆಯವರೆಗೂ ಚೀಲ ಕಾಯುತ್ತ ಕೂರುತ್ತೇನೆ.

ಮನೆಗೆ ಬಂದು ಚೀಲ ಬಿಚ್ಚಿದರೆ ರಂಜಿನಿಯ ಈಜುಬಟ್ಟೆ ಒಂದಿಷ್ಟೂ ನೆಂದಿರಲಿಲ್ಲ.

"ನೀರಿಗೇ ಇಳೀಲಿಲ್ವೇನೇ?" ಎಂದು ಗದರಿದೆ.

"ಮೂರು ತಿಂಗಳಿಂದ ಇಳಿದಿಲ್ಲ ಕಣಜ್ಜಿ. ನಲ್ಲೀಲಿ ನೆನೆಸ್ಕಂಡು ತತ್ತಿದ್ದೆ, ಇವತ್ತು ಮರ್ತೋದೆ. ಅಮ್ಮ ಇಲ್ದೆ ಬಸ್ಸು, ಪಾರ್ಕು ಎಲ್ಲಾ ಸಾಕಾಗೋಗದೆ. ಬ್ಯಾಡ ಅಂದ್ರೆ ನೀನು ಅಳ್ತೀಯ ಅಂತ..."

ನಾನು ಯಾರೆದುರೂ ಅತ್ತವಳಲ್ಲ. ಇವಳು ಯಾವಾಗ ನೋಡಿದಳೋ.

ನೆನೆಯದ ಆ ಬಟ್ಟೆಯನ್ನೇ ಒಗೆದು ಹರವಿ ಬಂದಿದ್ದೇನೆ. ಮುಂದಿನ ತಿಂಗಳ ಭಾನುವಾರ ನಾನು ಯಾವ ಚೀಲ ಕಾಯಲಿ?