ಮಳೆಗಾಗಿ ತೆರೆದಿಟ್ಟ ಕಿಟಕಿಗಳು

ಭಾನುವಾರ, ಮಧ್ಯಾಹ್ನ

ಮನೆಯಲ್ಲಿಲ್ಲದ ನನ್ನ ಮನೆಯವರಿಗೆ,

ನಿಮ್ಮ ಪತ್ರ ತಲುಪಿತು. ವಾಪಸು ಬರಲೇ ಎಂದು ಕೇಳಿದ್ದೀರಿ. ಉತ್ತರ ಕೊಡುವ ಮುಂಚೆ ಇವತ್ತು ಚರ್ಚಿನಲ್ಲಿ ಏನಾಯಿತೆಂದು ಓದಿ. ಮೂರು ಸಲ ಸೋಪು ಹಚ್ಚಿ ತೊಳೆದರೂ ಕೈ ಇನ್ನೂ ನಾರುತ್ತಿದೆ.

ಏಳು ತಿಂಗಳಿಂದ ಒಂದು ಹನಿ ಮಳೆಯಿರಲಿಲ್ಲ. ಸಭೆಯವರು ಉಪವಾಸ ಪ್ರಾರ್ಥನೆ ಇಟ್ಟುಕೊಂಡರು. ಮಳೆಯನ್ನು ಬೇಡಿಕೊಂಡು ಕಿಟಕಿ ಮುಚ್ಚುವುದು ನೆಂಟರನ್ನು ಕರೆದು ಬಾಗಿಲು ಹಾಕಿಕೊಂಡಂತೆ ಎಂದು ಪಾದ್ರಿಗಳು ಹೇಳಿದ್ದೇ ತಡ, ಛಾವಣಿಯ ಕೆಳಗಿನ ಸಣ್ಣ ಕಿಟಕಿಗಳನ್ನೂ ಬಿಡದೆ ಎಲ್ಲವನ್ನೂ ಹಗಲೂ ರಾತ್ರಿ ತೆರೆದಿಟ್ಟರು. ಮಳೆಗಿಂತ ಮುಂಚೆ ಪಾರಿವಾಳಗಳು ಬಂದವು. ಕಸ ಗುಡಿಸುವವಳು ನಾನಲ್ಲವೇ, ಪಾದ್ರಿಗಳಿಗೆ ಹೇಳಿ ನೋಡಿದೆ. ಸ್ವಲ್ಪ ತಾಳಿಕೋ, ಇದು ನಂಬಿಕೆಯ ಗುರುತು ಎಂದರು. ನಂಬಿಕೆ ಅವರದು, ಹಿಕ್ಕೆ ನನ್ನ ಪಾಲಿಗೆ.

ಇವತ್ತು ಆರಾಧನೆಯ ಮಧ್ಯದಲ್ಲೇ ಮಳೆ ಸುರಿಯಿತು. ಎಲ್ಲರೂ ಎದ್ದು ನಿಂತು ಸ್ತೋತ್ರ, ಸ್ತೋತ್ರ ಎಂದು ಕೂಗಿದರು. ಅಷ್ಟರಲ್ಲಿ ಗಾಳಿ ತಿರುಗಿತು. ತೊಲೆಗಳ ಮೇಲೆ ಕೂತಿದ್ದ ತಿಂಗಳುಗಟ್ಟಲೆಯ ಹೊಲಸು ನೀರಿನ ಜೊತೆ ಪ್ರಭುಭೋಜನದ ಮೇಜಿನ ಬಿಳಿ ಬಟ್ಟೆಯ ಮೇಲೆ, ಹಾಡುವವರ ತಲೆಯ ಮೇಲೆ ಇಳಿಯಿತು. ಸ್ತೋತ್ರ ನಿಂತು ಕರವಸ್ತ್ರಗಳು ಮೂಗಿಗೆ ಬಂದವು. ಹತ್ತು ನಿಮಿಷದಲ್ಲಿ ಚರ್ಚು ಖಾಲಿ. ಹಾಡು ಕಲಿಸುವ ಟೈಲರಮ್ಮ ಹೋಗುವಾಗ ನನ್ನ ಕಡೆ ತಿರುಗಿ, "ಅಕ್ಕ, ಇದೂ ಆಶೀರ್ವಾದಾನೇ. ಸ್ವಲ್ಪ ಒರೆಸಿಬಿಡಿ" ಎಂದಳು.

ಥೂ ಎನಿಸಿತು. ಮೂಗು ಮುಚ್ಚಿಕೊಂಡು ಓಡುವವರನ್ನು ನೋಡುತ್ತ ನೀವು ನೆನಪಾದಿರಿ. ಹೆತ್ತ ತಾಯಿ ಹಾಸಿಗೆ ಹಿಡಿದಾಗ ಆ ವಾಸನೆಗೆ ಊಟ ಸೇರುವುದಿಲ್ಲವೆಂದು ದೂರದ ಕೆಲಸ ಹುಡುಕಿಕೊಂಡು ಹೋದವರು ನೀವು. ಅವರ ಬೆನ್ನಿನ ಹುಣ್ಣು ತೊಳೆದವಳು ನಾನು. ನಿಮ್ಮನ್ನು ನೆನೆದರೆ ಹೇಸಿಗೆಯಾಗುತ್ತದೆ. ಇದನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ.

ಮೇಜಿನ ಹಿಂದೆ ಗೂಡೊಂದು ಬಿದ್ದಿತ್ತು. ಎತ್ತಿದರೆ ಸತ್ತ ಮರಿ, ಮೈತುಂಬ ಹುಳ. ಬಕೆಟ್ಟು ಅಲ್ಲೇ ಬಿಟ್ಟು ಅಂಗಳಕ್ಕೆ ಓಡಿ ವಾಂತಿ ಮಾಡಿಕೊಂಡೆ. ಹಾಗೇ ನಿಂತೆ. ಮಳೆ ನನ್ನ ಬಾಯಿ, ಮೊಣಕೈ, ಸೆರಗು ಎಲ್ಲವನ್ನೂ ತೊಳೆಯಿತು. ದೇವರು ಒಳ್ಳೆಯವರು ಕೆಟ್ಟವರು ಎಂದು ನೋಡದೆ ಮಳೆ ಕೊಡುತ್ತಾನೆಂದು ಚಿಕ್ಕಂದಿನಿಂದ ಕೇಳಿದ್ದೇನೆ. ಆ ಕೆಟ್ಟವರ ಸಾಲಿನಲ್ಲಿ ಇಷ್ಟು ದಿನ ನಿಮ್ಮನ್ನೇ ನಿಲ್ಲಿಸಿದ್ದೆ. ಇವತ್ತು ನೆನೆಯುತ್ತ ನಿಂತಿದ್ದವಳು ನಾನೊಬ್ಬಳೇ. ಸ್ತೋತ್ರ ಎಂದೆ. ಬೆಳಗ್ಗೆಯಿಂದ ಆ ಮಾತನ್ನು ಮನಸಾರೆ ಹೇಳಿದ್ದು ಅದೇ ಮೊದಲು, ಅಳುವೂ ಬಂತು.

ಬನ್ನಿ. ಹೇಸಿಗೆ ಹೋಯಿತು ಎಂದುಕೊಂಡು ಬರಬೇಡಿ, ಹೋಗಿಲ್ಲ. ಇನ್ನೂ ಅರ್ಧ ಚರ್ಚು ತೊಳೆಯುವುದು ಬಾಕಿಯಿದೆ. ಮೊದಲು ಅಲ್ಲಿಗೇ ಬನ್ನಿ, ಆಮೇಲೆ ಮನೆಗೆ ಹೋಗೋಣ.

ಇಂತಿ,
ಸದ್ಯಕ್ಕಂತೂ ನಿಮ್ಮ ಹೆಂಡತಿ

ತಾ. ಕ.: ಅತ್ತೆ ಪ್ರಾಣ ಬಿಡುವಾಗ ಅವರ ಕೈ ಹಿಡಿದು ಕೂತಿದ್ದೆ ಎಂದು ನಿಮಗೂ ಪಾದ್ರಿಗಳಿಗೂ ಹೇಳಿದ್ದೆ. ಸುಳ್ಳು. ಬಟ್ಟೆ ಒದ್ದೆಯಾಗಿದೆ ಎಂದು ಅವರು ಒಳಗಿನಿಂದ ಕರೆಯುತ್ತಿದ್ದರು. ನಾನು ವಾಸನೆ ತಾಳಲಾರದೆ ಹೊರಗೆ ಮೆಟ್ಟಿಲ ಮೇಲೆ ಮೂಗು ಮುಚ್ಚಿಕೊಂಡು ಕೂತಿದ್ದೆ. ಎರಡು ಸಲ ಕರೆದರು. ಮೂರನೆಯ ಸಲ ಕರೆದರೆ ಏಳೋಣ ಎಂದುಕೊಂಡಿದ್ದೆ.